ಗೋಡೆ ಮೇಲಿನ ‘ಆಫ್ಟರ್’ ಫೋಟೋದಲ್ಲಿರುವುದು ನಾನೇ

ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ‘ನ್ಯೂಟ್ರಿಷನ್ ಸೆಂಟರ್’ ಇದೆ. ಒಳಗೆ ಹೋದರೆ ಎದುರಿನ ಗೋಡೆ ತುಂಬಾ ಜೋಡಿ ಫೋಟೋಗಳು. ಮೊದಲು ದಪ್ಪ, ಆಮೇಲೆ ಸಣ್ಣ. ಎರಡನೇ ಸಾಲಿನಲ್ಲಿ, ಹಸಿರು ಟಾಪನ್ನು ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದು ‘ಎಷ್ಟು ಸಡಿಲ ಆಗಿದೆ ನೋಡಿ’ ಎಂದು ನಗುತ್ತಿರುವ ಹೆಂಗಸು ನಾನೇ. ಕೆಳಗೆ ‘74ರಿಂದ 62, ಬರೀ 100 ದಿನ’ ಎಂದು ಬರೆದಿದೆ. ಅದು ಸುಳ್ಳಲ್ಲ, ತೂಕದ ಮಷೀನ್ ಹಾಗೇ ತೋರಿಸಿತ್ತು. ಆದರೆ ಆ ಫೋಟೋ ತೆಗೆದು ಇಪ್ಪತ್ತೆರಡು ದಿನಕ್ಕೆ ನಾನು ರಾತ್ರಿ ಒಂದೂವರೆ ಗಂಟೆಗೆ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಲ್ಲಿದ್ದೆ. ಆಸ್ಪತ್ರೆಯಲ್ಲಿದ್ದ ನನ್ನ ಫೋಟೋ ಯಾರೂ ಗೋಡೆಗೆ ಹಾಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ 44 ವರ್ಷ. ಸೊಸೈಟಿಯೊಂದರಲ್ಲಿ ಕ್ಲರ್ಕ್. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ ತನಕ ಕುರ್ಚಿ ಬಿಟ್ಟು ಏಳುವ ಕೆಲಸವಲ್ಲ. ಐದಡಿ ಎರಡಿಂಚಿನ ಆಳಿಗೆ 74 ಕೆಜಿ ಜಾಸ್ತಿಯೇ, ಅದರಲ್ಲಿ ಎರಡು ಮಾತಿಲ್ಲ. ಮಂಡಿ ನೋವು ಶುರುವಾಗಿತ್ತು. ಪಕ್ಕದ ಬೀದಿಯ ಹುಡುಗಿಯೊಬ್ಬಳು, ಮೊದಲು ಬ್ಲೌಸ್ ಹೊಲಿಯುತ್ತಿದ್ದವಳು, ಆಗ ‘ವೆಲ್‌ನೆಸ್ ಕೋಚ್’ ಆಗಿದ್ದಳು. “ಅಕ್ಕಾ, ಒಂದ್ಸಲ ಬಂದು ಚೆಕಪ್ ಮಾಡಿಸ್ಕೊಂಡು ಹೋಗಿ, ಫ್ರೀ” ಎಂದು ಕರೆದಳು. ಹೋದೆ.

ಬೆಳಿಗ್ಗೆ ಆರಕ್ಕೇ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಹದಿನೈದು ಜನ ಸುತ್ತ ಕೂತಿದ್ದರು. ಕೈಗೆ ಒಂದು ಸಣ್ಣ ಯಂತ್ರ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು, ತೋಳು ನೇರ ಚಾಚಿ ನಿಲ್ಲಬೇಕು. ಹತ್ತು ಸೆಕೆಂಡಿಗೆ ಕೊಬ್ಬು 38 ಪರ್ಸೆಂಟ್, ‘ಬಾಡಿ ಏಜ್’ 61 ಎಂದು ತೋರಿಸಿತು. ನಲವತ್ನಾಲ್ಕರ ನನಗೆ ಅರವತ್ತೊಂದು ಅಂದರೆ ಹೇಗಾಗಬೇಡ? ಅಲ್ಲೇ ಸೋತೆ. ಆ ಯಂತ್ರದ ಕಥೆ ಆಮೇಲೆ ಗೊತ್ತಾಯಿತು. ಅದು ಮೈಯೊಳಗೆ ಬಹಳ ಸಣ್ಣ ಕರೆಂಟ್ ಬಿಡುತ್ತದೆ. ನೀರಿರುವ ಕಡೆ ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆ, ಜೊತೆಗೆ ನಾವು ಹೇಳಿದ ವಯಸ್ಸು, ಎತ್ತರ, ತೂಕ ಸೇರಿಸಿ ಅದು ಒಂದು ಅಂದಾಜು ಕಟ್ಟುತ್ತದೆ. ಕರೆಂಟ್ ಈ ಕೈಯಿಂದ ಆ ಕೈಗೆ ಹೋಗುತ್ತದೆ, ಹೊಟ್ಟೆ ತೊಡೆ ಕಡೆ ಸರಿಯಾಗಿ ತಲೆ ಹಾಕುವುದೂ ಇಲ್ಲ. ಒಂದು ದಿನ ಹಟಕ್ಕೆ ಬಿದ್ದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿಸಿದೆ. ಬೆಳಿಗ್ಗೆ 36, ಸಂಜೆ 33.5. ಒಂದೇ ಹಗಲಲ್ಲಿ ಎರಡು ಕೆಜಿ ಕೊಬ್ಬು ಕರಗಿತೇನು?

ಪ್ಯಾಕೇಜ್ ತಿಂಗಳಿಗೆ 7,500 ರೂಪಾಯಿ. ಬೆಳಿಗ್ಗೆ ಸೆಂಟರಿನಲ್ಲಿ ಒಂದು ಲೋಟ ಹುಳಿ ನೀರು, ಒಂದು ಲೋಟ ಬಿಸಿ ಟೀ ಥರದ್ದು, ಆಮೇಲೆ ಡಬ್ಬದ ಪುಡಿಯನ್ನು ನೀರಿಗೆ ಕಲಸಿದ ಶೇಕ್. ರಾತ್ರಿ ಮನೆಯಲ್ಲಿ ಇನ್ನೊಂದು ಶೇಕ್. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಅರ್ಧ ಬಟ್ಟಲು ಮೊಸರು. ಅನ್ನ ಬೇಡ, ಮುದ್ದೆ ಬೇಡ, ಕಾಳು ಗ್ಯಾಸ್ ಆಗುತ್ತೆ ಬೇಡ, ಮೊಟ್ಟೆ ಹೀಟು ಬೇಡ. ಹಾಸನದವಳಿಗೆ ಮುದ್ದೆ ಬೇಡ ಅನ್ನುವುದು ಸಣ್ಣ ಮಾತಲ್ಲ. ಆದರೂ ಮಾಡಿದೆ.

ಮೊದಲ ವಾರಕ್ಕೇ ಮೂರು ಕೆಜಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಲೆಯಲ್ಲಿ ಆಗ ಒಂದು ಸಣ್ಣ ಲೆಕ್ಕವಾದರೂ ಬರಬೇಕಿತ್ತು, ದಿನವಿಡೀ ಲೆಕ್ಕ ಬರೆಯುವವಳು ನಾನು. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಾನು ದಿನಕ್ಕೆ ಸಾವಿರದ ನೂರು ಕ್ಯಾಲೊರಿ ಕಡಿಮೆ ತಿಂದಿದ್ದರೂ ವಾರಕ್ಕೆ ಒಂದೇ ಕೆಜಿ ಕೊಬ್ಬು ಹೋಗಬೇಕು. ಉಳಿದ ಎರಡು? ನೀರು. ನಾವು ತಿಂದ ಅನ್ನ ಮುದ್ದೆಯ ಸ್ವಲ್ಪ ಭಾಗವನ್ನು ಮೈ ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಇಟ್ಟುಕೊಳ್ಳುತ್ತದೆ. ಎಲ್ಲ ಸೇರಿ ಅರ್ಧ ಕೆಜಿ ಇದ್ದೀತು. ಆದರೆ ಒಂದೊಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದರೆ ಮೊದಲು ಖಾಲಿಯಾಗುವುದು ಅದೇ. ಮತ್ತೆ ಎರಡು ದಿನ ಹೊಟ್ಟೆತುಂಬಾ ಉಂಡರೆ ಅಷ್ಟೂ ವಾಪಸ್ ಬರುತ್ತದೆ. ಈ ಧಂಧೆ ನಿಂತಿರುವುದೇ ಆ ಮೊದಲ ವಾರದ ಮೇಲೆ ಅಂತ ನನಗೆ ಈಗ ಅನ್ನಿಸುತ್ತದೆ.

ಎರಡನೇ ತಿಂಗಳು ಸಣ್ಣ ಸಣ್ಣ ವಿಷಯಗಳು ಶುರುವಾದವು. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ನಾನೇ ಎತ್ತಿ ಇಡುತ್ತಿದ್ದೆ, ಈಗ ಮಗನನ್ನು ಕೂಗಬೇಕಾಯಿತು. ನೆಲದ ಮೇಲೆ ಕೂತು ಅವರೆಕಾಳು ಬಿಡಿಸಿ ಏಳುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು. ತೂಕ ಇಳಿದಿದೆ, ಏಳುವುದು ಸುಲಭ ಆಗಬೇಕಲ್ವಾ? ಆಗಲಿಲ್ಲ. ಒಂದು ದಿನ ಬಸ್ಸಿನಲ್ಲಿ ಕಣ್ಣು ಕತ್ತಲೆ ಬಂದು ಪಕ್ಕದವರ ಮೇಲೆ ವಾಲಿದೆ. ಮೂರನೇ ತಿಂಗಳಿಗೆ ಕೂದಲು. ಸ್ನಾನದ ಮನೆಯ ಜಾಲರಿಯಲ್ಲಿ ಮುಷ್ಟಿ ಮುಷ್ಟಿ ಸಿಗುತ್ತಿತ್ತು. ಕೋಚ್‌ಗೆ ಹೇಳಿದರೆ, “ಟಾಕ್ಸಿನ್ ಹೊರಗೆ ಹೋಗ್ತಿದೆ ಅಕ್ಕಾ, ಒಳ್ಳೇದೇ” ಎಂದಳು. ಸುಸ್ತಾದರೂ ಟಾಕ್ಸಿನ್, ತಲೆನೋವಾದರೂ ಟಾಕ್ಸಿನ್. ಯಾವ ಟಾಕ್ಸಿನ್, ಎಲ್ಲಿತ್ತು, ಎಲ್ಲಿಂದ ಹೊರಗೆ ಹೋಗುತ್ತಿದೆ ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ ಬಿಡಿ.

ನೂರನೇ ದಿನ ಫೋಟೋ ತೆಗೆದರು. ಅದಾಗಿ ಮೂರು ವಾರಕ್ಕೆ ಅರಸೀಕೆರೆಯಲ್ಲಿ ನೆಂಟರ ಮದುವೆ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಮನಸಾರೆ ಉಂಡೆ. ತುಪ್ಪ ಸುರಿದ ಹೋಳಿಗೆ ಎರಡು. ಅವತ್ತು ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಂಡುತ್ತಿರುವ ಹಾಗೆ ನೋವು ಎದ್ದಿತು. ಬೆನ್ನಿಗೆ, ಬಲ ಭುಜಕ್ಕೆ ಏರಿತು. ಎರಡು ಸಲ ವಾಂತಿ. ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲುಗಳು.

ಡಾಕ್ಟರ್ ಪ್ರಾಮಾಣಿಕವಾಗಿಯೇ ಮಾತಾಡಿದರು. ನಲವತ್ತು ದಾಟಿದ, ತೂಕ ಜಾಸ್ತಿ ಇರುವ ಹೆಂಗಸರಿಗೆ ಈ ಕಲ್ಲು ಬರುವುದು ಮೊದಲೇ ಹೆಚ್ಚು, ಎಲ್ಲ ತಪ್ಪನ್ನೂ ಪೌಡರಿನ ತಲೆಗೆ ಕಟ್ಟಲಾಗದು ಎಂದರು. ಆದರೆ ತೂಕ ಬೇಗ ಬೇಗ ಇಳಿಸಿದರೆ ಅಪಾಯ ಏರುತ್ತದೆ ಎನ್ನುವುದೂ ಗೊತ್ತಿರುವ ವಿಷಯವೇ. ಕೊಬ್ಬು ಕರಗುವಾಗ ಲಿವರ್ ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಬಿಡುತ್ತದೆ. ಇತ್ತ ಊಟದಲ್ಲಿ ಎಣ್ಣೆ ತುಪ್ಪ ಇಲ್ಲದಿದ್ದರೆ ಪಿತ್ತಕೋಶಕ್ಕೆ ಹಿಂಡಿಕೊಳ್ಳುವ ಕೆಲಸವೇ ಇಲ್ಲ. ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಆಮೇಲೆ ಒಂದು ದಿನ ಹೋಳಿಗೆ ತುಪ್ಪ ಬಿದ್ದರೆ ಒಮ್ಮೆಲೇ ಜೋರಾಗಿ ಹಿಂಡುತ್ತದೆ, ಕಲ್ಲು ಪಿತ್ತಕೋಶದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಒಂದು ತಿಂಗಳ ಮೇಲೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕುವ ಆಪರೇಷನ್, ಮಾಡಿ ಪಿತ್ತಕೋಶ ತೆಗೆದರು.

ನನ್ನ ಕಣ್ಣು ತೆರೆಸಿದ್ದು ಆಪರೇಷನ್ ಅಲ್ಲ, ಅದೇ ಆಸ್ಪತ್ರೆಯ ಡಯಟಿಷಿಯನ್ ಬರೆದುಕೊಟ್ಟ ಒಂದು ಚೀಟಿ. ನಾನು ಹೆಮ್ಮೆಯಿಂದ, “ಪ್ರೋಟೀನ್ ಮಾತ್ರ ಚೆನ್ನಾಗಿ ತಗೋತಿದ್ದೆ ಮೇಡಂ” ಎಂದೆ. ಅವರು ನಕ್ಕು, ಡಬ್ಬ ತರಿಸಿ ಹಿಂಭಾಗ ತಿರುಗಿಸಿ ನನ್ನ ಕೈಗೇ ಕೊಟ್ಟರು. “ಓದಿ.” ಒಂದು ಸಲದ ಅಳತೆ 25 ಗ್ರಾಂ ಪುಡಿ. ಅದರಲ್ಲಿ ಪ್ರೋಟೀನ್ 9 ಗ್ರಾಂ. ನಾವು ಕಲಸುತ್ತಿದ್ದದ್ದು ನೀರಿನಲ್ಲಿ. ಎರಡು ಶೇಕ್‌ಗೆ 18. ಚಪಾತಿ, ಪಲ್ಯ, ಮೊಸರು ಎಲ್ಲ ಸೇರಿಸಿದರೂ ದಿನಕ್ಕೆ 30 ದಾಟುತ್ತಿರಲಿಲ್ಲ. ಕ್ಯಾಲೊರಿ ಆರುನೂರು ಏಳುನೂರು. ಬರೀ ಪ್ರೋಟೀನಿನ ಪುಡಿ ಬೇರೆ ಡಬ್ಬದಲ್ಲಿ ಬರುತ್ತದೆ, ಅದಕ್ಕೆ ಬೇರೆ ದುಡ್ಡು. ನನ್ನ ಪ್ಯಾಕೇಜಿನಲ್ಲಿ ಅದು ಇರಲೇ ಇಲ್ಲ.

ಆಮೇಲೆ ಅವರು, “ಮುಂಚೆ ಏನು ತಿಂತಿದ್ರಿ ಹೇಳಿ” ಎಂದು ಚೀಟಿಯ ಹಿಂದೆ ಬರೆಯುತ್ತಾ ಹೋದರು. ಬೆಳಿಗ್ಗೆ ಉಪ್ಪಿಟ್ಟು 7. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆ 7. ಒಂದು ಹಿಡಿ ಹುರುಳಿಕಾಳು, ಸುಮಾರು 40 ಗ್ರಾಂ, ಅದು 9. ಅನ್ನ 6. ಕಾಫಿಯ ಹಾಲು, ಮೊಸರು, ಮಜ್ಜಿಗೆ ಸೇರಿ 9. ಒಂದು ಮೊಟ್ಟೆ 6. ಸಂಜೆ ಕಡಲೆಕಾಯಿ ಬೀಜ 5. ಕೆಳಗೆ ಗೆರೆ ಎಳೆದು 49 ಎಂದು ಬರೆದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನನ್ನ ಎತ್ತರಕ್ಕೆ ತಕ್ಕ 55 ಕೆಜಿ ತೂಕ ಹಿಡಿದರೆ ಸುಮಾರು 46. ಅಂದರೆ ಮುದ್ದೆ ಸಾರು ತಿನ್ನುವಾಗ ನನಗೆ ಸರಿಯಾಗಿಯೇ ಸಿಗುತ್ತಿತ್ತು. ತಿಂಗಳಿಗೆ 7,500 ಕೊಟ್ಟು ಪ್ರೋಟೀನ್ ಕಡಿಮೆ ಮಾಡಿಕೊಂಡೆ. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಪ್ರೋಟೀನ್ ಕೊಬ್ಬಿನ ಥರ ಅಲ್ಲ, ಅದಕ್ಕೆ ಮೈಯಲ್ಲಿ ಬೇರೆ ಗೋದಾಮು ಇಲ್ಲ ಎಂದು ಅವರು ಹೇಳಿದ್ದು ನನಗೆ ಹೊಸದು. ತಿಂದ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತವೆ. ಮೈ ಅದರಲ್ಲಿ ದಿನದ ರಿಪೇರಿ ಮಾಡಿಕೊಳ್ಳುತ್ತದೆ. ಉಳಿದದ್ದನ್ನು ಸುಟ್ಟು ಅಥವಾ ಕೊಬ್ಬು ಮಾಡಿ, ಸಾರಜನಕದ ಭಾಗವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಸಾಲದಿದ್ದಾಗ ಎಲ್ಲಿಂದ ತರಬೇಕು? ಮಾಂಸಖಂಡದಿಂದ. ಜೊತೆಗೆ ಮೆದುಳಿಗೆ ದಿನಕ್ಕೆ ನೂರು ಗ್ರಾಂಗೂ ಮೀರಿ ಗ್ಲೂಕೋಸ್ ಬೇಕು. ಅನ್ನವೂ ಇಲ್ಲ, ಮುದ್ದೆಯೂ ಇಲ್ಲ ಎಂದಾಗ ಲಿವರ್ ಅದೇ ಮಾಂಸಖಂಡದ ಅಮೈನೋ ಆಮ್ಲ ತಂದು ಗ್ಲೂಕೋಸ್ ಮಾಡುತ್ತದೆ. ನನ್ನ ತೊಡೆಯ ಶಕ್ತಿ ಹೋದದ್ದು ಹಾಗೆ. ಹನ್ನೆರಡು ಕೆಜಿಯಲ್ಲಿ ಕೊಬ್ಬೆಷ್ಟು, ನೀರೆಷ್ಟು, ಖಂಡ ಎಷ್ಟು ಎಂದು ತೂಕದ ಮಷೀನ್ ಬಿಡಿಸಿ ಹೇಳುವುದಿಲ್ಲ. ಕೂದಲೂ ಅಷ್ಟೇ. ಮೈಗೆ ಬರಗಾಲ ಬಂದರೆ ಕೂದಲು ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಟಾಕ್ಸಿನ್‌ಗೂ ಇದಕ್ಕೂ ಸಂಬಂಧವಿಲ್ಲ.

ಮುದ್ದೆಗೆ ಹುರುಳಿ ಸಾರು ಯಾಕೆ ಎನ್ನುವುದೂ ಆವತ್ತೇ ತಿಳಿಯಿತು. ರಾಗಿ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ನಮ್ಮಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕಾಳು ಹಾಕದ ಸಾರು ಸಾರೇ ಅಲ್ಲ ಎನ್ನುತ್ತಿದ್ದಳು ಅಷ್ಟೇ.

ಇನ್ನೊಂದು ಲೆಕ್ಕ ನಾನೇ ಮಾಡಿದೆ. 500 ಗ್ರಾಂ ಡಬ್ಬದಲ್ಲಿ 20 ಶೇಕ್, ಅಂದರೆ 180 ಗ್ರಾಂ ಪ್ರೋಟೀನ್. ಬೆಲೆ ಎರಡು ಸಾವಿರದ ಮೇಲೆ. ಅಷ್ಟೇ ಪ್ರೋಟೀನ್ 820 ಗ್ರಾಂ ಹುರುಳಿಯಲ್ಲಿದೆ. ಸಂತೆಯಲ್ಲಿ ನೂರು ರೂಪಾಯಿ ಆಸುಪಾಸು.

ತೀರಾ ಕಡಿಮೆ ಕ್ಯಾಲೊರಿಯ ಡಯಟ್ ಯಾರಿಗೂ ಕೊಡುವುದೇ ಇಲ್ಲ ಎಂದಲ್ಲ. ಆದರೆ ಅದು ಡಾಕ್ಟರ ಕಣ್ಣೆದುರು, ರಕ್ತ ಪರೀಕ್ಷೆ ಮಾಡಿಸುತ್ತಾ, ಪ್ರೋಟೀನ್ ಕಡಿಮೆಯಾಗದ ಹಾಗೆ ನೋಡಿಕೊಂಡು ಮಾಡುವ ಕೆಲಸ. 1977ರ ಸುಮಾರಿಗೆ ಅಮೆರಿಕದಲ್ಲಿ ದನದ ತೊಗಲು, ಮೂಳೆಯಿಂದ ತೆಗೆದ ‘ಲಿಕ್ವಿಡ್ ಪ್ರೋಟೀನ್’ ಕುಡಿದೇ ಬದುಕುವ ಹುಚ್ಚು ಎದ್ದಿತ್ತಂತೆ. ಆ ಪ್ರೋಟೀನಿನಲ್ಲಿ ಮೈಗೆ ಬೇಕೇ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇರಲೇ ಇಲ್ಲ. ಐವತ್ತಕ್ಕೂ ಹೆಚ್ಚು ಸಾವುಗಳು ವರದಿಯಾದವು, ಹಲವರು ಹೃದಯದ ಬಡಿತ ತಪ್ಪಿ ಹೋದವರು. ನನಗೆ ಪಿತ್ತಕೋಶದಲ್ಲೇ ಮುಗಿಯಿತು.

ಸೆಂಟರಿನಲ್ಲಿ ನೋಡಿದ ಇನ್ನೊಂದು ವಿಷಯ ಹೇಳದೆ ಇರಲಾರೆ. ಒಬ್ಬ ಅಂಕಲ್‌ಗೆ ಶುಗರ್ ಇತ್ತು. “ಶೇಕ್ ಶುರು ಮಾಡಿದ ಮೇಲೆ ಮಾತ್ರೆ ಯಾಕೆ, ನಿಧಾನಕ್ಕೆ ಬಿಡಿ” ಎಂದು ಸೆಂಟರಿನವರು ನನ್ನ ಎದುರೇ ಅವರಿಗೆ ಹೇಳಿದರು. ಶುಗರ್, ಬಿಪಿ, ಥೈರಾಯ್ಡ್ ಮಾತ್ರೆ ಬಿಡಿ ಎಂದು ಹೇಳುವ ಅಧಿಕಾರ ಆ ಸ್ಟೂಲಿನ ಮೇಲೆ ಕೂತ ಯಾರಿಗೂ ಇಲ್ಲ. ಮಾತ್ರೆ ಹಾಗೇ ನುಂಗಿ ಊಟ ಅರ್ಧ ಮಾಡಿದರೂ ಶುಗರ್ ಕುಸಿಯಬಹುದು. ಎರಡೂ ಡಾಕ್ಟರನ್ನೇ ಕೇಳಬೇಕಾದ ಮಾತು. ಕಿಡ್ನಿ ತೊಂದರೆ ಇದ್ದವರಂತೂ ಯಾವ ಪ್ರೋಟೀನ್ ಪುಡಿಯನ್ನೂ ಕೇಳದೆ ಬಾಯಿಗೆ ಹಾಕಬೇಡಿ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನಂಬರ್ ಇದೆ ಎಂದು ತೋರಿಸುತ್ತಾರೆ. ಆ ನಂಬರ್ ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತದೆ. ಆಹಾರ ಮಾಡಿ ಮಾರಲು ಲೈಸೆನ್ಸ್ ಇದೆ ಎಂದಷ್ಟೇ ಅದರ ಅರ್ಥ, ತೂಕ ಇಳಿಸುತ್ತದೆ ಎಂದಲ್ಲ.

ಆ ಕೋಚ್ ಹುಡುಗಿಯ ಮೇಲೆ ನನಗೆ ಪೂರ್ತಿ ಕೋಪವಿಲ್ಲ. ಅವಳೂ ಅದನ್ನೇ ಕುಡಿಯುತ್ತಾಳೆ. ನನ್ನನ್ನೂ ಕೋಚ್ ಮಾಡಲು ಬಹಳ ಒತ್ತಾಯ ಮಾಡಿದಳು, “ನಿಮಗೆ ಡಬ್ಬ ಡಿಸ್ಕೌಂಟ್‌ನಲ್ಲಿ ಸಿಗುತ್ತೆ ಅಕ್ಕಾ” ಎಂದು. ಆಮೇಲೆ ತಿಳಿಯಿತು, ಮೇಲಿನವರು ಕೊಟ್ಟ ಮಾರಾಟದ ಲೆಕ್ಕ ತುಂಬಿಸಲು ಅವಳು ಸಂಘದ ಸಾಲ ತೆಗೆದು ಡಬ್ಬ ಕೊಂಡು ಮನೆಯಲ್ಲಿ ಜೋಡಿಸಿಟ್ಟಿದ್ದಳು. ಅಂಥವಳು ನನಗೆ ಮುದ್ದೆ ತಿನ್ನಿ ಅಂತ ಹೇಗೆ ಹೇಳ್ತಾಳೆ?

ಶೇಕ್ ಬಿಟ್ಟ ಎಂಟು ತಿಂಗಳಿಗೆ ತೂಕ 73ಕ್ಕೆ ಬಂತು. ವಿಚಿತ್ರ ಏನೆಂದರೆ, ಹೆಚ್ಚುಕಡಿಮೆ ಅದೇ ತೂಕ, ಆದರೆ ಹಳೆಯ ಬ್ಲೌಸ್ ಸೊಂಟದ ಹತ್ತಿರ ಬಿಗಿ, ತೋಳಿನಲ್ಲಿ ಸಡಿಲ. ಹೋಗುವಾಗ ಖಂಡವೂ ಹೋಗಿತ್ತು, ಬರುವಾಗ ಬಂದದ್ದು ಹೆಚ್ಚಿನ ಪಾಲು ಕೊಬ್ಬು.

ಈಗ 69ರಲ್ಲಿದ್ದೇನೆ, ಇಷ್ಟಕ್ಕೆ ಏಳು ತಿಂಗಳು ಹಿಡಿಯಿತು. ಮುದ್ದೆ ಸಣ್ಣದಾಗಿದೆ, ಸಾರಿನ ಕಾಳು ಜಾಸ್ತಿಯಾಗಿದೆ. ದಿನಾ ಒಂದೋ ಎರಡೋ ಮೊಟ್ಟೆ. ಸಂಜೆ ಬಜ್ಜಿ ಬೋಂಡ ಇಲ್ಲ, ಕಾಫಿಗೆ ಸಕ್ಕರೆ ಅರ್ಧ. ನಡಿಗೆ, ಜೊತೆಗೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಹತ್ತತ್ತರಂತೆ ಮೂರು ಸಲ. ಖಂಡಕ್ಕೆ ಕೆಲಸ ಕೊಡದೆ ಬರೀ ಪ್ರೋಟೀನ್ ಸುರಿದರೆ ಅದು ಬೆಳೆಯುವುದಿಲ್ಲ ಎಂದು ಡಯಟಿಷಿಯನ್ ಮೇಡಂ ಹೇಳಿದ್ದಾರೆ. ನೀರಿನ ಕ್ಯಾನ್ ಮತ್ತೆ ಎತ್ತುತ್ತಿದ್ದೇನೆ.

ಗೋಡೆಯ ಫೋಟೋ ತೆಗೆಯಲು ಮೂರು ಸಲ ಕೇಳಿದೆ. ಮೊದಲ ಸಲ “ಆಯ್ತಕ್ಕ” ಎಂದರು. ಎರಡನೇ ಸಲ, “ಫ್ಲೆಕ್ಸ್ ಒಂದೇ ಪೀಸು ಅಕ್ಕ, ನಿಮ್ದೊಂದೇ ಹೇಗೆ ಕತ್ತರಿಸೋದು” ಎಂದರು. ಮೂರನೇ ಸಲದ ವಾಟ್ಸಾಪ್ ಮೆಸೇಜಿಗೆ ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಹೋದ ವಾರ ನಮ್ಮ ಸೊಸೈಟಿಗೆ ಬಂದ ಹೆಂಗಸೊಬ್ಬರು ಕೌಂಟರಿನ ಆಚೆಯಿಂದ ನನ್ನನ್ನೇ ನೋಡಿ, “ನೀವೇ ಅಲ್ವಾ ಆ ಫೋಟೋದಲ್ಲಿರೋದು? ನಿಮ್ಮನ್ನ ನೋಡೇ ನಾನು ಸೇರ್ಕೊಂಡೆ” ಎಂದರು. ಅವರ ಪಾಸ್‌ಬುಕ್ ಪಕ್ಕಕ್ಕಿಟ್ಟು, ಕೂರಿಸಿ, ಪರ್ಸಿನಿಂದ ಚೀಟಿ ತೆಗೆದು ತೋರಿಸಿದೆ.