ಪೈಪು ಹದಿನಾರು ಇಂಚಿಗೆ, ಕಮೋಡ್ ಒಂಬತ್ತಕ್ಕೆ: ಹಳೇ ಸಂಡಾಸ ಬದಲಿಸುವ ನಾಲ್ಕು ದಾರಿಗಳು

ಹುಬ್ಬಳ್ಳಿ-ಧಾರವಾಡದ ಹಳೇ ಮನೆಗಳಲ್ಲಿ ಕುಕ್ಕರುಗಾಲಿನ ಸಂಡಾಸ ತೆಗೆದು ಕಮೋಡ್ ಕೂಡ್ರಿಸಲು ಹೊರಟಾಗ ಮೊದಲ ತೊಡಕು ಅಳತೆಯದು. ಅಂಗಡಿಯಲ್ಲಿ ಎಸ್-ಟ್ರ್ಯಾಪ್ (ಬಾಯಿ ಕೆಳಗೆ ನೆಲಕ್ಕೆ ಇಳಿಯುವ) ಕಮೋಡು ಸಾಮಾನ್ಯವಾಗಿ ಸಿಗುವುದು ಮೂರು ಅಳತೆಯಲ್ಲಿ: 4, 9 ಮತ್ತು 12 ಇಂಚು, ಅಂದರೆ ಸುಮಾರು 100, 225, 300 ಮಿ.ಮೀ. ಹಿಂದಿನ ಗೋಡೆಯ ಟೈಲ್ಸ್ ಮೈಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಈ ಲೆಕ್ಕ. ಹಳೇ ಪ್ಯಾನ್ ಕಿತ್ತು ನೋಡಿದರೆ ಪೈಪಿನ ಬಾಯಿ ಗೋಡೆಯಿಂದ 15-16 ಇಂಚು ದೂರದಲ್ಲಿರುತ್ತದೆ. ಖೋಲಿ ಇರುವುದೇ 3 ಅಡಿಗೆ 4 ಅಡಿ. ಇಂಥ ಖೋಲಿಗಳಲ್ಲಿ ನಾಲ್ಕು ದಾರಿಗಳನ್ನೂ ಮಾಡಿ, ಬಳಕೆಯಲ್ಲಿಟ್ಟು ನೋಡಿದ ಮೇಲಿನ ಹೋಲಿಕೆ ಇದು. ಎಲ್ಲಕ್ಕೂ ಒಂದೇ ಲೆಕ್ಕ ಹಿಡಿದಿದ್ದೇವೆ: ಪೈಪು 400 ಮಿ.ಮೀ. ದೂರ, ಖೋಲಿಯ ಉದ್ದ 1200, ಕಮೋಡಿನ ಉದ್ದ 680.

ಹಳೇ ನೆಲದ ಪೈಪಿಗೇ ಕಮೋಡ್ ಜೋಡಿಸುವ ಯಾವ ದಾರಿ ಹಿಡಿದರೂ ಹಳೇ ಟ್ರ್ಯಾಪ್ ತೆಗೆಯಲೇಬೇಕು. ಕುಕ್ಕರುಗಾಲಿನ ಪ್ಯಾನಿಗೆ ನೀರು ನಿಲ್ಲುವ ಈ ಬಾಗು ಕೆಳಗೆ ಬೇರೆಯಾಗಿ ಇರುತ್ತದೆ. ಕಮೋಡಿಗೆ ಅದು ಹೊಟ್ಟೆಯೊಳಗೇ ಇದೆ. ಹಳೆಯದನ್ನು ಬಿಟ್ಟು ಅದರ ಮೇಲೆ ಕಮೋಡ್ ಇಟ್ಟರೆ ಎರಡು ಬಾಗುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಫ್ಲಶ್ ಮಾಡಿದಾಗ ನೀರು ಅಂಚಿನವರೆಗೆ ಏರಿ, ಗುಳುಗುಳು ಎಂದು ನಿಧಾನ ಇಳಿಯುತ್ತದೆ. ಇದನ್ನು ಕಮೋಡಿನ ದೋಷವೆಂದು ತಿಳಿದು ಕಮೋಡನ್ನೇ ಬದಲಿಸಿದವರಿದ್ದಾರೆ. ಟ್ರ್ಯಾಪ್ ತೆಗೆಯುವಾಗ ಮೇಲಿನಿಂದ ಸುತ್ತಿಗೆ ಹಾಕಬಾರದು. ಕಾಲರಿನ ಸುತ್ತಲಿನ ಸಿಮೆಂಟನ್ನು ಸಣ್ಣ ಛೇಣಿಯಿಂದ ಕೆತ್ತಿ, ಪೈಪಿನ ಬಾಯಿಗೆ ಗೋಣಿಚೀಲ ತುರುಕಿ, ಆಮೇಲೆ ಒಡೆಯಬೇಕು. ಒಂದು ಚೂರು ಒಳಗೆ ಬಿದ್ದರೂ ಮುಂದಿನ ಬೆಂಡಿನಲ್ಲಿ ಅಡ್ಡ ಕೂತು ವರ್ಷಗಟ್ಟಲೆ ಕಾಡುತ್ತದೆ.

ನಮ್ಮ ಮೊದಲ ಆಯ್ಕೆ ಪಿ-ಟ್ರ್ಯಾಪ್ (ಬಾಯಿ ಹಿಂದಕ್ಕೆ ಗೋಡೆಯತ್ತ ಇರುವ) ಕಮೋಡ್ ಹಾಕಿ ಹಿಂದಿನ ಗೋಡೆಯಿಂದ ಹೊರಗೆ ಹೋಗುವುದು. ಹಿಂದಿನ ಸಂದಿಯಲ್ಲೇ ಮಲದ ಪೈಪು ಇಳಿದಿದ್ದರೆ ಇದಕ್ಕಿಂತ ಸ್ವಚ್ಛ ಕೆಲಸ ಇನ್ನೊಂದಿಲ್ಲ. ನೆಲದ ಪೈಪು ಸರಿಸಬೇಕಿಲ್ಲ, ಕೆಳಮನೆಯ ಛಾವಣಿಗೆ ಸೋರುವ ಭಯವಿಲ್ಲ, ಕಮೋಡ್ ಗೋಡೆಗೆ ಅಂಟಿ ಕೂಡ್ರುವುದರಿಂದ ಮುಂದೆ 520 ಮಿ.ಮೀ. ಉಳಿಯುತ್ತದೆ. ಕಮೋಡಿನ ಹಿಂಬಾಯಿಯ ನಡು ಸಾಮಾನ್ಯವಾಗಿ ನೆಲದಿಂದ 180-185 ಮಿ.ಮೀ. ಎತ್ತರದಲ್ಲಿರುತ್ತದೆ; ಡಬ್ಬಿಯೊಳಗಿನ ನಕಾಶೆ ನೋಡಿ ಖಚಿತ ಮಾಡಿಕೊಳ್ಳಿ. 110 ಮಿ.ಮೀ. ಪೈಪಿಗೆ 5 ಇಂಚಿನ ತೂತು ಸಾಕು, ಅದನ್ನು ಕೋರ್ ಕಟರ್‌ನಿಂದಲೇ (ದುಂಡಗೆ ಕೊರೆಯುವ ಯಂತ್ರ) ಕೊರೆಸಬೇಕು. ಹೊರಗೆ ಪಿವಿಸಿ ಪೈಪನ್ನು ಕತ್ತರಿಸಿ, ಬಾಗಿಲಿರುವ (ತೆರೆದು ಸ್ವಚ್ಛ ಮಾಡಬಹುದಾದ) ವೈ ಆಕಾರದ ತುಂಡು ಜೋಡಿಸಿ. ಒಳಗಿಂದ ಹೊರಕ್ಕೆ ಮೀಟರಿಗೆ 25 ಮಿ.ಮೀ. ಇಳಿಜಾರು ಇರಲಿ. ಹೆಚ್ಚಿನವರು ತಪ್ಪುವುದು ತೂತಿನ ಎತ್ತರದಲ್ಲಿ. ಹಳೇ ನೆಲದಿಂದ ಅಳೆದು ಕೊರೆದು, ಆಮೇಲೆ ಟೈಲ್ಸ್ ಹಾಸಿದರೆ ನೆಲ 20-25 ಮಿ.ಮೀ. ಏರಿ, ಕಮೋಡಿನ ಬಾಯಿಯೂ ತೂತಿಗಿಂತ ಮೇಲೆ ಹೋಗುತ್ತದೆ. ರಬ್ಬರ್ ಕಾಲರ್ ಓರೆಯಾಗಿ ಸೋರತೊಡಗುತ್ತದೆ. ಮೊದಲು ಟೈಲ್ಸ್, ಆಮೇಲೆ ತೂತು.

ಈ ದಾರಿ ಎಲ್ಲರಿಗೂ ಒಗ್ಗುವುದಿಲ್ಲ. ಕಲ್ಲು-ಮಣ್ಣಿನ ಒಂದೂವರೆ ಅಡಿ ದಪ್ಪದ ಗೋಡೆ ಕೊರೆದರೆ ಒಳಗಿನ ಕಲ್ಲು ಸಡಿಲಾಗುತ್ತವೆ, ಅಲ್ಲಿ ಬೇಡ. ಹೊರಗಿರುವುದು ಹಳೇ ಬೀಡಿನ ಪೈಪಾದರೆ ನಡುವೆ ಕತ್ತರಿಸುವಾಗ ಮೇಲಿನ ಜೋಡಣೆಯೂ ಬಿರಿಯುತ್ತದೆ. ಛತ್ತಿನವರೆಗೆ ಪೂರ್ತಿ ಪಿವಿಸಿಗೆ ಬದಲಿಸುವ ತಯಾರಿ ಇದ್ದರಷ್ಟೇ ಕೈ ಹಾಕಿ.

ಎರಡನೆಯದು ನೆಲ ಒಡೆದು ಪೈಪಿನ ಬಾಯಿ ಸರಿಸುವುದು. ಮೇಲಿನ ಅಂತಸ್ತಿನಲ್ಲಿ ಇದು ಆಗದ ಮಾತು ಎಂದು ಗೌಂಡಿಗಳು ಹೇಳುವುದುಂಟು, ಆದರೆ ಹಳೇ ಸಂಡಾಸಕ್ಕೆ ಒಂದು ಮೆಟ್ಟಿಲು ಏರಿ ಹೋಗಬೇಕಿದ್ದರೆ ಮತ್ತೆ ವಿಚಾರ ಮಾಡಿ. ಆ ಕಟ್ಟೆಯೊಳಗೇ ಟ್ರ್ಯಾಪು, ಅಡ್ಡಪೈಪು ಎರಡೂ ಇರಬಹುದು. ಹಾಗಿದ್ದರೆ ಕೆಳಗಿನ ಸ್ಲ್ಯಾಬಿಗೆ ಏಟು ಹಾಕದೆ ಕೆಲಸ ಮುಗಿಯುತ್ತದೆ. ಅಡ್ಡಪೈಪು ಹಿಂದಿನ ಗೋಡೆಗೇ ಹೋಗಿದ್ದರೆ ಇನ್ನೂ ಸಲೀಸು. ಬಾಯಿಯನ್ನು ಗೋಡೆಯತ್ತ ತರುವುದೆಂದರೆ ಪೈಪನ್ನು ಗಿಡ್ಡ ಮಾಡಿ ಹೊಸ ಬೆಂಡ್ ಹಚ್ಚುವುದಷ್ಟೇ. ಪಕ್ಕದ ಗೋಡೆಗೆ ಹೋಗಿದ್ದರೆ ಒಂದೇ 90 ಡಿಗ್ರಿಯ ತಿರುವು ಬೇಡ, ಎರಡು 45 ಡಿಗ್ರಿ ಬೆಂಡ್ ಹಾಕಿ.

ನೆಲಮಹಡಿಯಲ್ಲಿ ಅಗೆಯುವುದು ಸುಲಭ, ಬಾಳಿಕೆ ಬರಿಸುವುದು ಕಷ್ಟ. ಕಾರಣ ನಮ್ಮ ಎರಿಮಣ್ಣು. ಗದಗ, ನವಲಗುಂದ ಕಡೆಯಂತೂ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತದೆ. ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿಗೆ ಹೊಸ ಪಿವಿಸಿ ತುರುಕಿ ಸಿಮೆಂಟ್ ಮೆತ್ತಿದರೆ ಆ ಜೋಡಣೆ ಮಣ್ಣಿನ ಜೊತೆ ಅಲುಗಾಡಿ ಸೀಳುತ್ತದೆ. ಚೇಂಬರ್ (ಹೊರಗಿನ ಮುಚ್ಚಳದ ಗುಂಡಿ) 10-12 ಅಡಿಯೊಳಗಿದ್ದರೆ ಹಳೇ ಪೈಪು ಪೂರ್ತಿ ತೆಗೆದು, ಪೈಪಿನ ಕೆಳಗೂ ಸುತ್ತಲೂ 6 ಇಂಚು ಉಸುಕು ಹಾಕಿ, ಚೇಂಬರಿನವರೆಗೆ ಪಿವಿಸಿ ಎಳೆಯಿರಿ. ಅರ್ಧ ಕೆಲಸ ಮಾಡಿದಲ್ಲೆಲ್ಲ ಮತ್ತೆ ಅಗೆಯಬೇಕಾಗಿ ಬಂದಿದೆ. ಮೇಲಿನ ಶಹಾಬಾದ್ ಫರಸಿಯನ್ನು ಒಡೆಯದೆ ಎಬ್ಬಿಸಿದರೆ ಮರಳಿ ಅದೇ ಜಾಗಕ್ಕೆ ಕೂಡ್ರಿಸಬಹುದು.

ಮೂರನೆಯದು ಗೋಡೆಯನ್ನೇ ಮುಂದೆ ತರುವುದು. 75 ಮಿ.ಮೀ. ಹಗುರ ಬ್ಲಾಕು, ಮೇಲೆ ಟೈಲ್ಸ್ ಮತ್ತು ಗಿಲಾವಿಗೆ 20, ಒಟ್ಟು 95. ಪೈಪು ಈಗ 305ಕ್ಕೆ ಬಂತು, 12 ಇಂಚಿನ ಕಮೋಡ್ ಸರಿಯಾಗಿ ಕೂಡ್ರುತ್ತದೆ. ಇದೇ ಜಾಗದಲ್ಲಿ 4 ಇಂಚಿನ ಸಿಮೆಂಟ್ ಬ್ಲಾಕ್ ಕಟ್ಟಿದರೆ ಉಳಿಯುವುದು 280. ಆಗ 12 ಇಂಚಿನದು ಕೂಡ್ರದು, 9 ಇಂಚಿನದು ಸಡಿಲ. ಬ್ಲಾಕಿನ ದಪ್ಪವೇ ಇಲ್ಲಿ ಎಲ್ಲ. ಮೂರೂವರೆ ಅಡಿ ಎತ್ತರ ಕಟ್ಟಿ ಮೇಲೆ ಫರಸಿ ಹಾಸಿದರೆ ಸಾಕು. ನೆಲದ ಪೈಪು ಸರಿಸದೆ ಮುಗಿಯುವ ಅಗ್ಗದ ಕೆಲಸವಾದರೂ ಮುಂದಿನ ಜಾಗ 425ಕ್ಕೆ ಇಳಿಯುತ್ತದೆ, ಮೊಣಕಾಲು ಬಾಗಿಲಿಗೆ ತಾಗುತ್ತದೆ. ಬಾಗಿಲು ಹೊರಗೆ ತೆರೆಯುವಂತಿದ್ದರೆ ಮಾತ್ರ ಇದನ್ನು ಆರಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬೇಡವೇ ಬೇಡ.

ನಾಲ್ಕನೆಯದು ಆಫ್‌ಸೆಟ್ ಕನೆಕ್ಟರ್, ಅಂದರೆ ಕಮೋಡಿನ ಬಾಯಿಯನ್ನು ಸ್ವಲ್ಪ ಸರಿದಿರುವ ಪೈಪಿಗೆ ಸೇರಿಸುವ ತುಂಡು. ಇದು ಸಾಮಾನ್ಯವಾಗಿ ಸರಿಪಡಿಸುವುದು 20ರಿಂದ 40 ಮಿ.ಮೀ. ವ್ಯತ್ಯಾಸವನ್ನು, 400ರ ಪೈಪಿಗೆ ಇದು ಉತ್ತರವೇ ಅಲ್ಲ. ಹಳೇ ಟೈಲ್ಸ್ ಮೇಲೆ ಹೊಸದು ಹಾಕಿ ಅಳತೆ ಕೆಟ್ಟಾಗ ಗಟ್ಟಿ ಆಫ್‌ಸೆಟ್ ಕನೆಕ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಪೈಪು ಪಕ್ಕಕ್ಕೆ ಸರಿದಿದ್ದಾಗ ಮಡಿಕೆ-ಮಡಿಕೆಯ ಫ್ಲೆಕ್ಸಿಬಲ್ (ಬಾಗುವ) ಪೈಪು ಹಚ್ಚಿ ಹೋಗುವುದನ್ನು ಮಾತ್ರ ಒಪ್ಪಬೇಡಿ. ಬೋರಿನ ಸವಳು ನೀರಿನಲ್ಲಿ ಬಳಸಿದ ಒಂದನ್ನು ಸೀಳಿ ನೋಡಿದರೆ ಪ್ರತಿ ಮಡಿಕೆಯಲ್ಲೂ ಬಿಳಿ ಹೆಪ್ಪು, ಅದರ ಮೇಲೆ ಹೊಲಸು, ನಡುವೆ ಜೋತು ಬಿದ್ದ ಜಾಗದಲ್ಲಿ ನಿಂತ ನೀರು. ನಳಕ್ಕೆ ದಿನಗಟ್ಟಲೆ ಬಿಟ್ಟು ನೀರು ಬರುವ ಓಣಿಗಳಲ್ಲಿ 3 ಲೀಟರಿನ ಅರ್ಧ ಫ್ಲಶ್ಶೇ ಹೆಚ್ಚು ಬಳಕೆಯಾಗುತ್ತದೆ, ಅಷ್ಟು ನೀರು ಆ ಮಡಿಕೆಗಳನ್ನು ತೊಳೆಯಲಾರದು.

ಕೂಡ್ರಿಸುವ ಮೊದಲು ಹೊಸ ಪೈಪಿನ ಕೆಳತುದಿ ಮುಚ್ಚಿ, ಬಾಯಿತನಕ ನೀರು ತುಂಬಿ, ಗುರುತು ಹಾಕಿ ರಾತ್ರಿಯಿಡೀ ಬಿಡಿ. ನೀರು ಇಳಿದಿದ್ದರೆ ಜೋಡಣೆ ಸೋರುತ್ತಿದೆ. ಕಮೋಡಿನ ಬುಡಕ್ಕೆ ಸಿಮೆಂಟ್ ತುಂಬಬೇಡಿ. ಮುಂದೆ ತೆಗೆಯಬೇಕಾದಾಗ ಒಡೆಯದೆ ಬರುವುದಿಲ್ಲ. ಸ್ಕ್ರೂ ಬಿಗಿದು ಸುತ್ತ ಸಿಲಿಕಾನ್ ಎಳೆಯಿರಿ, ಹಿಂಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಸಿಲಿಕಾನ್ ಇಲ್ಲದೆ ಬಿಡಿ. ಕೆಳಗೆ ಸೋರಿಕೆ ಶುರುವಾದರೆ ನೀರು ಮೊದಲು ಅಲ್ಲಿಂದಲೇ ಹೊರಬಂದು ಕಣ್ಣಿಗೆ ಬೀಳುತ್ತದೆ.