ಬೇಸಿಗೆ ಸೇವೆಗೆ ಹಿಮಾಚಲ: ಟ್ರೆಕ್ ಕ್ಯಾಂಪೋ, ಹಾಸ್ಟೆಲ್ಲೋ?

ಬೇಸಿಗೆ ರಜೆಯಲ್ಲಿ ಹಿಮಾಚಲಕ್ಕೆ ಹೋಗಿ, ಊಟ-ವಸತಿಯ ಮೇಲೆ ದುಡಿಯುವ ಎರಡು ದಾರಿಗಳನ್ನು ನಾನು ನೋಡಿದ್ದೇನೆ. ಒಂದು, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಪಾರ್ವತಿ ಕಣಿವೆಯಲ್ಲಿ ನಡೆಸುವ ಸಾರ್ ಪಾಸ್ ಎಂಬ ಬೆಟ್ಟದ ಚಾರಣದಲ್ಲಿ ಕ್ಯಾಂಪ್ ಲೀಡರ್. ಇನ್ನೊಂದು, ಅದೇ ಕಣಿವೆಯಲ್ಲಿ ಪ್ರವಾಸಿಗರು ತಂಗುವ ಒಂದು ಖಾಸಗಿ ಹಾಸ್ಟೆಲ್ಲಿನಲ್ಲಿ ವಾಲಂಟಿಯರ್. ಎರಡರಲ್ಲೂ ಸಂಬಳವಿಲ್ಲ, ಹೋಗಿಬರುವ ಖರ್ಚು ನಮ್ಮದೇ. ಬೆಳಗಾವಿಯ ಗೆಳೆಯರು ಯಾವುದು ಚಲೋ ಎಂದು ಕೇಳಿದಾಗೆಲ್ಲ ನಾನು ಹೇಳುವುದು ಕ್ಯಾಂಪು ಎಂದೇ.

ಹಾಸ್ಟೆಲ್ಲಿನವರ ಮಾತು ಸರಳವಿತ್ತು: ದಿನಕ್ಕೆ ಐದು ತಾಸು ಕೆಲಸ, ವಾರಕ್ಕೊಂದು ರಜೆ, ಎರಡು ಹೊತ್ತು ಊಟ, ಮಲಗಲು ಒಂದು ಬೆಡ್. ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಬೆಡ್ಡಿನದು.

ದಿಲ್ಲಿಯಿಂದ ಶುಕ್ರವಾರ ರಾತ್ರಿ ಬಿಟ್ಟ ಬಸ್ಸುಗಳು ಶನಿವಾರ ಬೆಳಿಗ್ಗೆ ಕಣಿವೆಯ ಬಾಯಲ್ಲಿರುವ ಭುಂತರ್ ಮುಟ್ಟುತ್ತವೆ. ಅಲ್ಲಿಂದ ಕಣಿವೆಯೊಳಗಿನ ಪ್ರವಾಸಿ ಊರು ಕಸೋಲ್ ಸುಮಾರು 30 ಕಿಲೋಮೀಟರ್. ಮೇ ತಿಂಗಳ ಶನಿವಾರ-ರವಿವಾರ ಕಣಿವೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಸಂಜೆಯಾಯಿತೆಂದರೆ ಮ್ಯಾನೇಜರ್ ಬಂದು ನಮ್ಮ ಬೆಡ್ಡುಗಳನ್ನು ಬಿಡಿಸುತ್ತಿದ್ದ. ಅವನ್ನು ದುಡ್ಡು ಕೊಡುವ ಗಿರಾಕಿಗಳಿಗೆ ಬುಕ್ ಮಾಡಿ ಆಗಿರುತ್ತಿತ್ತು. ಬೆಡ್ಡಿನ ಜೊತೆಗೇ ಲಾಕರಿನ ಕೀಲಿಯೂ ಹೋಗುತ್ತಿತ್ತು. ನಮ್ಮ ಪಾಕೀಟು, ಫೋನು ರಿಸೆಪ್ಷನ್ ಟೇಬಲ್ಲಿನ ಕೆಳಗೆ.

ನಾವು ಮಲಗಬೇಕಾದದ್ದು ಎಲ್ಲರೂ ಕೂರುವ ಹಾಲಿನಲ್ಲಿ. ಅಲ್ಲಿ ಗಿಟಾರು, ಕೇರಂ, ಹರಟೆ ನಡುರಾತ್ರಿ ದಾಟಿದರೂ ಮುಗಿಯುತ್ತಿರಲಿಲ್ಲ. ಅವರು ಎದ್ದ ಮೇಲೆಯೇ ನಮ್ಮ ಗಾದಿ ಹಾಸಬೇಕು. ಮಳೆ ಬಂದ ದಿನ ಅದೇ ಹಾಲಿನಲ್ಲಿ ಹಗ್ಗ ಕಟ್ಟಿ ಹಸಿ ಚಾದರ ಹರವಿರುತ್ತಿದ್ದರಿಂದ ತಲೆಯ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಕಣ್ಣು ಹತ್ತುವಷ್ಟರಲ್ಲಿ ಬಸ್ಸಿಳಿದ ಮಂದಿ ಬಾಗಿಲು ಬಡಿಯುತ್ತಿದ್ದರು. ಎದ್ದು ಅವರ ಆಧಾರ್ ಕಾರ್ಡ್ ನೋಡಿ ಬರೆದುಕೊಳ್ಳುವ ಪಾಳಿಯೂ ನಮ್ಮದೇ.

ನಾನು ಕೇಳಿಯೂ ನೋಡಿದೆ. "ಬೆಡ್ ಕೊಡ್ತೀವಿ ಅಂದಿದ್ದೆವು, ದಿನಾ ಅದೇ ಬೆಡ್ ಅಂತ ಹೇಳಿರಲಿಲ್ಲ" ಎಂಬ ಉತ್ತರ ಬಂತು. ದುಡಿದವನಿಗೆ ರಾತ್ರಿಯ ನಿದ್ದೆಯನ್ನೂ ಕೊಡದ ವ್ಯವಹಾರವನ್ನು ನಾನು ಒಪ್ಪುವುದಿಲ್ಲ. ನಾನು ಶಾಲೆಯಲ್ಲಿ ಕಲಿಸುವವನು. ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳುವ ರೂಢಿ.

ಆ ಹಾಸ್ಟೆಲ್ಲಿನಲ್ಲಿ ಒಳ್ಳೆಯದೂ ಇತ್ತು: ಬಿಸಿನೀರು, ವೈಫೈ, ಹಿಂದಿ ಸುಧಾರಿಸುವಷ್ಟು ಮಾತುಕತೆ, ರಜೆಯ ದಿನ ಹತ್ತಿರದ ಮಣಿಕರಣ್ ಗುರುದ್ವಾರದ ಲಂಗರ್, ಅಂದರೆ ಎಲ್ಲರಿಗೂ ಪುಕ್ಕಟೆ ಬಡಿಸುವ ಊಟ.

ಕ್ಯಾಂಪಿನಲ್ಲಿ ಇದ್ಯಾವುದೂ ಇಲ್ಲ. ನೆಟ್‌ವರ್ಕ್ ಇಲ್ಲ, ಸ್ನಾನದ ಆಸೆ ಬಿಡಬೇಕು, ಆಲಿಕಲ್ಲು ಸುರಿದ ರಾತ್ರಿ ಎದ್ದು ಟೆಂಟಿನ ಮೇಲಿನದನ್ನು ಕೊಡವಬೇಕು. ಆದರೆ ಮಲಗುವ ಜಾಗ ನನ್ನದು, ದೀಪ ಆರುವ ಹೊತ್ತು ಎಲ್ಲರಿಗೂ ಒಂದೇ. ದಿನಾ ಮಧ್ಯಾಹ್ನ ಕೆಳಗಿನಿಂದ ಒಂದು ತಂಡ ಬರುತ್ತದೆ, ಬೆಳಿಗ್ಗೆ ಅದನ್ನು ಮೇಲಕ್ಕೆ ಕಳಿಸಬೇಕು. ತಲೆ ಎಣಿಸು, ಸ್ಲೀಪಿಂಗ್ ಬ್ಯಾಗು-ಕಂಬಳಿ ಎಣಿಸಿ ಕೊಡು, ಬೆಳಿಗ್ಗೆ ಎಣಿಸಿ ತಗೋ, ಬುತ್ತಿ ಕಟ್ಟಿಕೊಂಡರೇ ನೋಡು. ಬಿಸಿಲು ಬಿದ್ದ ಕೂಡಲೇ ಸ್ಲೀಪಿಂಗ್ ಬ್ಯಾಗುಗಳನ್ನು ಒಳಮೈ ಹೊರಗೆ ಮಾಡಿ ಒಣಹಾಕುತ್ತಿದ್ದೆವು. ಮೊದಲು ಕೈಯನ್ನು ಬುಡದ ತನಕ ಇಳಿಸಿ ತಡಕಬೇಕು. ಯಾರದೋ ಕಾಲುಚೀಲ, ಬ್ಯಾಟರಿ, ಒಮ್ಮೆ ಒಂದು ಕನ್ನಡಕವೂ ಸಿಕ್ಕಿತ್ತು.

ಅಡುಗೆಮನೆಯಲ್ಲಿ ಕಲಿತದ್ದೂ ಬಹಳ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ರಾಜ್ಮಾ ಬೇಯುವುದಕ್ಕೆ ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಇಡಲೇಬೇಕು. ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಆ ಚಳಿಯಲ್ಲಿ ಕೊನೆಯವರೆಗೂ ಕೆಡಲಿಲ್ಲ.

ನನ್ನನ್ನು ಕ್ಯಾಂಪಿಗೆ ಕಟ್ಟಿಹಾಕಿದ್ದು ಜವಾಬ್ದಾರಿ. ವಿಜಯಪುರದ ಕಡೆಯ ಒಬ್ಬ ಹುಡುಗ ಬೆಳಿಗ್ಗೆ ಮುಖ ಬಾಡಿಸಿಕೊಂಡು ನಿಂತಿದ್ದ. "ತಲಿ ಅಷ್ಟ ಹಿಡದೈತ್ರಿ ಸರ್, ಹೋಗ್ತೀನಿ ಮ್ಯಾಲ" ಎಂದ. ರಾತ್ರಿ ವಾಂತಿಯೂ ಆಗಿತ್ತೆಂದು ಜೊತೆಗಾರ ಹೇಳಿದ. ಎತ್ತರಕ್ಕೆ ಮೈ ಹೊಂದದಿದ್ದಾಗ ಬರುವ ಲಕ್ಷಣಗಳಿವು. ಇಟ್ಟುಕೊಂಡೇ ಇನ್ನೂ ಏರಿದರೆ ಮಿದುಳಿಗೆ, ಪುಪ್ಪುಸಕ್ಕೆ ನೀರು ತುಂಬಿ ಜೀವಕ್ಕೇ ಅಪಾಯ. "ವಾಂತಿ ಆಗೈತಿ ಅಂದ ಮ್ಯಾಲ ಬ್ಯಾಡಪಾ, ಇವತ್ತ ಕೆಳಗ ಇಳಿ" ಎಂದು ಗೈಡ್ ಜೊತೆ ಕಳಿಸಿದೆ. ಸಿಟ್ಟಾಗಿಯೇ ಇಳಿದ. ಇಳಿದ ಮೇಲೆ ತಲೆನೋವು ಬಿಟ್ಟಿತೆಂದು ಸಂಜೆ ಸುದ್ದಿ ಬಂತು. ಅಂಥ ಒಂದು ಸಂಜೆ ಸಾಕು ನನಗೆ.

ಖರ್ಚಿನ ಲೆಕ್ಕದಲ್ಲೂ ಕ್ಯಾಂಪೇ ಹಗುರ: ಎಲ್ಲ ಹೊತ್ತಿನ ಊಟ ಅಲ್ಲೇ, ದುಡ್ಡು ಬಿಚ್ಚಲು ಅಂಗಡಿಯೇ ಇಲ್ಲ. ಹಾಸ್ಟೆಲ್ಲಿನಲ್ಲಿದ್ದಾಗ ಮೂರನೆಯ ಹೊತ್ತಿನ ಊಟಕ್ಕೆ ಕಸೋಲಿನ ಕೆಫೆಗಳಿಗೆ ಹೋಗಿ ಕಿಸೆ ಖಾಲಿಯಾಗುತ್ತಿತ್ತು. ತಡರಾತ್ರಿಯ ಹರಟೆ ಇಷ್ಟಪಡುವ, ಲ್ಯಾಪ್‌ಟಾಪಿನಲ್ಲಿ ಕೆಲಸವಿರುವ ಹುಡುಗರಿಗೆ ಹಾಸ್ಟೆಲ್ ಹೊಂದೀತು. ಅವರು ವಾರದ ಏಳೂ ರಾತ್ರಿ ಎಲ್ಲಿ ಮಲಗಬೇಕು, ಲಾಕರ್ ಯಾರದು ಎಂಬುದನ್ನು ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಲಿ. ನಾನು ಬರುವ ಬೇಸಿಗೆಗೂ ಕ್ಯಾಂಪಿಗೇ ಅರ್ಜಿ ಹಾಕುತ್ತೇನೆ. ಬೆಳಗಾವಿಯಿಂದ ದಿಲ್ಲಿಗೆ ಗೋವಾ ಎಕ್ಸ್‌ಪ್ರೆಸ್ ನೇರ ಇದೆ, ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ಬರುವವರಿದ್ದರೆ ಫೆಬ್ರುವರಿಯಲ್ಲೇ ಹೇಳಿ, ಕೂಡಿಯೇ ಟಿಕೆಟ್ ತೆಗೆಸೋಣ.