ಮಕ್ಕಳ ಜ್ವರಕ್ಕೆ ವಿದ್ಯಾನಗರದ ಒಂದು ರಕ್ತ ಪರೀಕ್ಷಾ ಕೇಂದ್ರ: ಸ್ಲೈಡ್ ಉತ್ತಮ, ಪ್ಯಾಕೇಜ್ ಬೇಡ

ಆರು ವರ್ಷದ ಮಗಳಿಗೆ ಚಳಿ ನಡುಕದೊಂದಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದುದರಿಂದ, ವೈದ್ಯರು ಬರೆದುಕೊಟ್ಟ ಮಲೇರಿಯಾ ಪರೀಕ್ಷೆಗಾಗಿ ಹುಬ್ಬಳ್ಳಿಯ ವಿದ್ಯಾನಗರದ ಈ ಕೇಂದ್ರಕ್ಕೆ ಹೋಗಿದ್ದೆವು. "ಇರುವಿ ಕಚ್ಚಿಧಂಗ ಆಕ್ಕೈತಿ ನೋಡವ್ವಾ, ಅಷ್ಟ" ಎನ್ನುತ್ತಲೇ ಅಲ್ಲಿಯ ಸಿಬ್ಬಂದಿ ಬೆರಳಿನಿಂದ ರಕ್ತ ತೆಗೆದು, ಒಂದೇ ಗಾಜಿನ ಪಟ್ಟಿಯ (ಸ್ಲೈಡ್) ಮೇಲೆ ಒಂದು ದಪ್ಪ ಹನಿಯನ್ನೂ ಪಕ್ಕದಲ್ಲಿ ತೆಳುವಾದ ಲೇಪವನ್ನೂ ಎಳೆದರು. ದಪ್ಪ ಹನಿಯಲ್ಲಿ ರೋಗಾಣು ಇದೆಯೇ ಎಂಬುದು ಗೊತ್ತಾದರೆ, ತೆಳು ಲೇಪದಲ್ಲಿ ಅದು ಯಾವ ಜಾತಿಯದೆಂದು ಗುರುತಿಸುತ್ತಾರೆ. ಸಂಜೆಯೊಳಗೆ ಬಂದ ವರದಿಯಲ್ಲಿ ಬರೀ 'ಪಾಸಿಟಿವ್' ಎಂದು ಗೀಚದೆ, ವೈವಾಕ್ಸ್ ಎಂದು ಜಾತಿಯನ್ನೂ ಸ್ಪಷ್ಟವಾಗಿ ನಮೂದಿಸಿದ್ದರು.

ನನ್ನ ಆಕ್ಷೇಪ ಕೌಂಟರಿನವರ ಬಗ್ಗೆ. ಮಗುವಿನ ರೋಗನಿರೋಧಕ ಶಕ್ತಿ ತಿಳಿಯುತ್ತದೆಂದು ಹೇಳಿ, ವೈದ್ಯರು ಬರೆಯದ ಆಂಟಿಬಾಡಿ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಯಿರುವ ಪ್ಯಾಕೇಜನ್ನು ಅವರು ಒತ್ತಾಯಿಸಿದರು. ಸೊಳ್ಳೆಯಿಂದ ಬಂದ ರೋಗಾಣು ಮೊದಲು ಯಕೃತ್ತಿನಲ್ಲಿ ಸದ್ದಿಲ್ಲದೆ ಬೆಳೆದು, ನಂತರ ಕೆಂಪು ರಕ್ತಕಣಗಳನ್ನು ಒಡೆಯತೊಡಗಿದಾಗಲೇ ದೇಹ ಎಚ್ಚೆತ್ತು ಜ್ವರ ಏರುತ್ತದೆ. ಸೋಂಕಿತ ಕಣಗಳನ್ನು ಗುಲ್ಮ (ಸ್ಪ್ಲೀನ್) ಸೋಸಿ ತೆಗೆಯುವುದರಿಂದ ಅದು ಊದಿಕೊಳ್ಳುವುದೂ ಉಂಟು. ಪ್ರತಿಕಾಯಗಳು ಸಾಕಷ್ಟು ತಯಾರಾಗಲು ಮೊದಲ ಸೋಂಕಿನಲ್ಲಿ ದಿನಗಳೇ ಹಿಡಿಯುತ್ತವೆ, ಗುಣವಾದ ಮೇಲೆ ಅವು ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಇವತ್ತಿನ ಜ್ವರ ಮಲೇರಿಯಾವೇ ಎಂಬ ಪ್ರಶ್ನೆಗೆ ಆ ಪರೀಕ್ಷೆ ಉತ್ತರಿಸದು. ಪ್ರತಿಕಾಯ ಇದೆಯೆಂದ ಮಾತ್ರಕ್ಕೆ ರಕ್ಷಣೆ ಇದೆಯೆಂದೂ ಅಲ್ಲ. ಆಫ್ರಿಕದ ಮಲೇರಿಯಾಪೀಡಿತ ಹಳ್ಳಿಗಳಲ್ಲಿ ಪದೇ ಪದೇ ಸೋಂಕು ತಗುಲಿ ಬದುಕುಳಿದ ಮಕ್ಕಳು ಐದು ವರ್ಷದ ಹೊತ್ತಿಗೆ ತೀವ್ರ ಕಾಯಿಲೆಯಿಂದ ಬಹುಮಟ್ಟಿಗೆ ಪಾರಾಗುತ್ತಾರೆ. ಆದರೂ ಸೋಂಕು ಮಾತ್ರ ಅವರನ್ನು ಬಿಡುವುದಿಲ್ಲ. ಅಂಥ ಸೋಂಕು ಅಪರೂಪವಾದ ನಮ್ಮ ಕಡೆಯ ಮಕ್ಕಳಿಗಂತೂ ಆ ಗಳಿಕೆಯೂ ಇರುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಗೂ ಹಲವು ಡೋಸು ಬೇಕಾಗುವುದನ್ನು ನೋಡಿದರೆ, ಈ ರೋಗಾಣುವಿನ ವಿರುದ್ಧ ನಿರೋಧಕ ಶಕ್ತಿ ಬೆಳೆಸುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಸ್ಲೈಡ್ ಪರೀಕ್ಷೆಗಾಗಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಪರೀಕ್ಷೆ ಉಚಿತವೆಂಬುದೂ ನೆನಪಿರಲಿ. ಇಲ್ಲಿಗೇ ಹೋಗುವುದಾದರೆ ಭಾನುವಾರ ಬಿಟ್ಟು ಹೋಗಿ; ಅಂದು ಸ್ಲೈಡ್ ಓದುವವರು ಇರುವುದಿಲ್ಲ, ರಕ್ತದ ಹನಿ ಹಾಕಿ ಗೆರೆ ಮೂಡುವುದನ್ನು ನೋಡುವ ಕಾರ್ಡ್ ಪರೀಕ್ಷೆಯೊಂದನ್ನೇ ಮಾಡುತ್ತಾರೆ. ಮಲೇರಿಯಾ ರೋಗಾಣುವಿನ ಇನ್ನೊಂದು ಜಾತಿಯಾದ ಫಾಲ್ಸಿಪಾರಂ ಪತ್ತೆಹಚ್ಚುವ ಕಾರ್ಡಿನ ಗೆರೆ ರೋಗಾಣು ಸತ್ತ ಮೇಲೂ ಕೆಲವು ವಾರ ಮೂಡುವುದರಿಂದ, ಚಿಕಿತ್ಸೆ ಫಲಿಸಿದೆಯೇ ಎಂದು ನೋಡಲು ಬರುವವರಂತೂ ಸ್ಲೈಡನ್ನೇ ಕೇಳಿ ಮಾಡಿಸಿಕೊಳ್ಳಬೇಕು.